ಹೊಸ ಯಂತ್ರಕ್ಕೆ ಉಪಕರಣ ಎಲ್ಲಿಂದ? – ಆಲ್ಫಾ ವರ್ಕ್‌ಸ್ಟೇಷನ್ ಮತ್ತು ಸ್ವತಂತ್ರ ತಂತ್ರಾಂಶದ ಪಾಠ

ಹೊಸ ಲೇತ್ ಕೊಳ್ಳಲು ಹೊರಟ ಸಣ್ಣ ಕೈಗಾರಿಕೋದ್ಯಮಿಯು ಯಂತ್ರದ ವೇಗವನ್ನಷ್ಟೇ ವಿಚಾರಿಸುವುದಿಲ್ಲ. ಕೈಯಲ್ಲಿರುವ ಚಕ್‌ಗಳೂ ಟೂಲ್ ಹೋಲ್ಡರ್‌ಗಳೂ ಅದಕ್ಕೆ ಹೊಂದುವವೇ, ಹೊಂದದಿದ್ದರೆ ಬದಲಿ ಎಲ್ಲಿ ದೊರೆಯುತ್ತದೆ, ತಯಾರಕರು ನಾಳೆ ಆ ಮಾದರಿಯನ್ನೇ ಕೈಬಿಟ್ಟರೆ ಬಿಡಿಭಾಗ ಕೊಡುವವರು ಯಾರು ಎಂಬುದನ್ನೆಲ್ಲ ತಿಳಿದುಕೊಂಡ ನಂತರವೇ ಮುಂಗಡ ಕೊಡುತ್ತಾರೆ. ಆದರೆ ಅದೇ ಉದ್ಯಮಿ ಕಚೇರಿಗೆ ಗಣಕಯಂತ್ರ ಕೊಳ್ಳುವಾಗ ಬೆಲೆ, ವೇಗ ಮತ್ತು ಸ್ಮರಣಶಕ್ತಿಯ ಪ್ರಮಾಣವನ್ನು ಮಾತ್ರ ನೋಡಿ ತೃಪ್ತರಾಗುವುದುಂಟು. ಒಳಗಿರುವ ಪ್ರೊಸೆಸರ್ ಯಾವ ವಿನ್ಯಾಸದ್ದು, ದಿನನಿತ್ಯ ಬಳಸುವ ತಂತ್ರಾಂಶ ಅದರ ಮೇಲೆ ನಡೆಯುತ್ತದೆಯೇ ಎಂಬ ಪ್ರಶ್ನೆ ಬಹಳ ಕಾಲ ಕೇಳುವ ಅಗತ್ಯವೇ ಇರಲಿಲ್ಲ. ಏಕೆಂದರೆ ಮಾರುಕಟ್ಟೆಯಲ್ಲಿದ್ದ ಬಹುತೇಕ ಕಚೇರಿ ಯಂತ್ರಗಳು ಇಂಟೆಲ್ ಮಾದರಿಯವೇ ಆಗಿದ್ದವು.

ಈಗ ಪರಿಸ್ಥಿತಿ ಬದಲಾಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ನಂತರ ಅನೇಕ ಕಚೇರಿಗಳಲ್ಲಿ ಹಳೆಯ ಗಣಕಯಂತ್ರಗಳನ್ನು ಬದಲಿಸುವ ಮಾತು ಎದ್ದಿದೆ. ಬದಲಿಗೆ ಬರುವ ಯಂತ್ರಗಳಲ್ಲಿ ಇಂಟೆಲ್ ಮತ್ತು ಎಎಂಡಿ ವಿನ್ಯಾಸದವೂ ಇವೆ, ಆರ್ಮ್ ವಿನ್ಯಾಸದವೂ ಇವೆ. ಹೊರನೋಟಕ್ಕೆ ವ್ಯತ್ಯಾಸ ಕಾಣದು. ಒಳಗಿನ ಯಂತ್ರಭಾಷೆ ಮಾತ್ರ ಬೇರೆ. ಇಂತಹ ಸಂಧಿಕಾಲದಲ್ಲಿ ಉಪಕರಣಗಳು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ, ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದಲ್ಲಿ ಹುಟ್ಟಿ ಮರೆಯಾದ ಆಲ್ಫಾ ಎಂಬ ವರ್ಕ್‌ಸ್ಟೇಷನ್ ವಿನ್ಯಾಸದ ಇತಿಹಾಸವು ಸ್ಪಷ್ಟವಾದ ಉತ್ತರ ನೀಡುತ್ತದೆ.

ಆಲ್ಫಾ ಬಂದ ಬಗೆ

ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1957ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆರಂಭವಾದ ಸಂಸ್ಥೆ. ಅದರ ವ್ಯಾಕ್ಸ್ ಗಣಕಯಂತ್ರಗಳು 1977ರಿಂದ ಮುಂದೆ ವಿಶ್ವವಿದ್ಯಾಲಯ, ಕಾರ್ಖಾನೆ ಮತ್ತು ಸಂಶೋಧನಾಲಯಗಳಲ್ಲಿ ಮನೆಮಾತಾಗಿದ್ದವು. ಇದರ ಭಾರತೀಯ ಅಂಗಸಂಸ್ಥೆಯು ಬೆಂಗಳೂರಿನಲ್ಲಿ ಕಾರ್ಯನಿರ್ವಹಿಸುತ್ತಿದ್ದುದರಿಂದ ನಮ್ಮಲ್ಲಿನ ಹಿರಿಯ ತಂತ್ರಜ್ಞರಿಗೂ ಈ ಹೆಸರು ಅಪರಿಚಿತವಲ್ಲ.

ವ್ಯಾಕ್ಸ್‌ಗೆ ವಯಸ್ಸಾದಾಗ ಸಂಸ್ಥೆಯು ಸಂಪೂರ್ಣ ಹೊಸದಾದ 64 ಬಿಟ್‌ಗಳ ಪ್ರೊಸೆಸರ್ ವಿನ್ಯಾಸವನ್ನು ರೂಪಿಸಿ, 1992ರ ಫೆಬ್ರವರಿಯಲ್ಲಿ ಅದನ್ನು ಆಲ್ಫಾ ಎಂಬ ಹೆಸರಿನಿಂದ ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಈ ಚಿಪ್ ಹೊತ್ತ ವರ್ಕ್‌ಸ್ಟೇಷನ್‌ಗಳು ಹೊರಬಂದವು. ಆ ಕಾಲಕ್ಕೆ ಇಷ್ಟು ವೇಗದ ಚಿಪ್ ವಿರಳವಾಗಿತ್ತು. ಓಪನ್‌ವಿಎಂಎಸ್, ಯುನಿಕ್ಸ್ ವರ್ಗದ ಓಎಸ್‌ಎಫ್/1 ಮತ್ತು ಮೈಕ್ರೋಸಾಫ್ಟ್‌ನ ವಿಂಡೋಸ್ ಎನ್‌ಟಿ ಎಂಬ ಮೂರು ಕಾರ್ಯಾಚರಣ ವ್ಯವಸ್ಥೆಗಳು ಅದರ ಮೇಲೆ ನಡೆಯುವಂತೆ ಯೋಜಿಸಲಾಗಿತ್ತು.

ಯಂತ್ರವೇನೋ ಸಿದ್ಧವಾಯಿತು. ಆದರೆ ಇಂಟೆಲ್ ಯಂತ್ರಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶ ಆಲ್ಫಾದ ಮೇಲೆ ಹಾಗೆಯೇ ನಡೆಯುವುದಿಲ್ಲ. ವ್ಯಾಕ್ಸ್‌ನ ತಂತ್ರಾಂಶವೂ ಅಷ್ಟೇ. ತಂತ್ರಾಂಶವನ್ನು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯಲಾಗುತ್ತದೆ. ಇದನ್ನು ಮೂಲ ಸಂಕೇತ ಎನ್ನುತ್ತಾರೆ. ಅದನ್ನು ನಿರ್ದಿಷ್ಟ ಪ್ರೊಸೆಸರ್‌ನ ಯಂತ್ರಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ದೊರೆಯುವ ವಾಣಿಜ್ಯ ತಂತ್ರಾಂಶವು ಹೀಗೆ ತಿರುಗಿಸಿದ ರೂಪದಲ್ಲಿ ಮಾತ್ರ ಬರುತ್ತದೆ. ಮೂಲ ಸಂಕೇತ ತಯಾರಕರ ಬಳಿಯೇ ಉಳಿಯುವುದರಿಂದ, ಹೊಸ ಯಂತ್ರಕ್ಕೆ ಅದನ್ನು ಮತ್ತೆ ತಿರುಗಿಸಬಲ್ಲವರು ಅವರೊಬ್ಬರೇ. ಗಿರಾಕಿಗಳ ಸಂಖ್ಯೆ ಕಡಿಮೆಯೆಂದು ಅವರಿಗೆ ಕಂಡರೆ ಆ ಕೆಲಸ ನಡೆಯುವುದೇ ಇಲ್ಲ.

ಮೊದಲ ಹೆಪ್ಪು

ಸ್ವತಂತ್ರ ತಂತ್ರಾಂಶದ ದಾರಿ ಇದಕ್ಕಿಂತ ಬೇರೆ. 1983ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯು ಮೂಲ ಸಂಕೇತವನ್ನು ಎಲ್ಲರಿಗೂ ನೀಡುವ, ಬದಲಿಸಲು ಮತ್ತು ಹಂಚಲು ಅವಕಾಶ ಕೊಡುವ ತತ್ತ್ವದ ಮೇಲೆ ನಿಂತಿದೆ. ಇದರ ಪ್ರಮುಖ ಸಾಧನ ಜಿಸಿಸಿ ಎಂಬ ಕಂಪೈಲರ್. 1987ರಲ್ಲಿ ಮೊದಲು ಬಿಡುಗಡೆಯಾದಾಗ ಅದು ವ್ಯಾಕ್ಸ್ ಮತ್ತು ಮೊಟೊರೋಲಾ 68020 ಪ್ರೊಸೆಸರ್‌ಗಳಿಗೆ ಸಂಕೇತ ಸಿದ್ಧಪಡಿಸುತ್ತಿತ್ತು.

ಜಿಸಿಸಿಯ ರಚನೆಯಲ್ಲಿ ಒಂದು ವ್ಯಾವಹಾರಿಕ ಜಾಣತನವಿದೆ. ಅದರ ಮುಂಭಾಗವು ಪ್ರೋಗ್ರಾಮಿನ ಭಾಷೆಯನ್ನು ಅರ್ಥೈಸುತ್ತದೆ. ಮಧ್ಯಭಾಗವು ಯಾವ ಯಂತ್ರಕ್ಕೂ ಸೇರದ ಒಂದು ಸಾಮಾನ್ಯ ರೂಪದಲ್ಲಿ ಅದನ್ನು ಅಚ್ಚುಕಟ್ಟುಗೊಳಿಸುತ್ತದೆ. ಹಿಂಭಾಗ ಮಾತ್ರ ನಿರ್ದಿಷ್ಟ ಪ್ರೊಸೆಸರ್‌ನ ಆದೇಶಗಳನ್ನು ವಿವರಿಸುವ ಕಡತವನ್ನು ಆಧರಿಸಿ ಯಂತ್ರಭಾಷೆಯನ್ನು ಹೊರಡಿಸುತ್ತದೆ. ಹೊಸ ಪ್ರೊಸೆಸರ್ ಬಂದಾಗ ಪ್ರಧಾನವಾಗಿ ಈ ಹಿಂಭಾಗವನ್ನು ಬರೆದರೆ ಸಾಕು. ಒಂದೇ ಪ್ರೆಸ್ಸಿನಲ್ಲಿ ಡೈ ಬದಲಿಸಿ ಬೇರೆ ಬೇರೆ ಆಕಾರದ ಬಿಲ್ಲೆಗಳನ್ನು ಒತ್ತುವ ಕ್ರಮಕ್ಕೆ ಇದನ್ನು ಹೋಲಿಸಬಹುದು.

ಆಲ್ಫಾಕ್ಕೆ ಬೇಕಾದ ಈ ಭಾಗವನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಿಚರ್ಡ್ ಕೆನ್ನರ್ ಬರೆದು ಕೊಟ್ಟರು. ಅದರ ಹಕ್ಕುಸ್ವಾಮ್ಯದ ವರ್ಷ 1992, ಅಂದರೆ ಯಂತ್ರ ಮಾರುಕಟ್ಟೆಗೆ ಬಂದ ವರ್ಷವೇ. ಕಂಪೈಲರ್ ಕೂಡ ಒಂದು ಪ್ರೋಗ್ರಾಮ್ ಆಗಿರುವುದರಿಂದ ಅದನ್ನು ತಿರುಗಿಸಲು ಮತ್ತೊಂದು ಕಂಪೈಲರ್ ಬೇಕು. ಮೊಸರಾಗಬೇಕಾದರೆ ಹೆಪ್ಪು ಬೇಕು. ಮನೆಯಲ್ಲಿ ಇಲ್ಲದಿದ್ದರೆ ನೆರೆಮನೆಯಿಂದ ತರಬೇಕು. ಹೊಸ ಯಂತ್ರದಲ್ಲಿ ಕಂಪೈಲರ್ ಇಲ್ಲದಿದ್ದಾಗ, ಬೇರೆ ಯಂತ್ರದಲ್ಲಿ ಕುಳಿತು ಹೊಸ ಯಂತ್ರಕ್ಕಾಗಿ ಸಂಕೇತ ಹೊರಡಿಸುವ ಕಂಪೈಲರನ್ನು ಮೊದಲು ಕಟ್ಟಿಕೊಂಡು, ಅದರಿಂದ ಹೊಸ ಯಂತ್ರದ ಕಂಪೈಲರನ್ನು ಸಿದ್ಧಪಡಿಸುವ ಪದ್ಧತಿ ಇದೆ. ಬಳಿಕ ಅದು ತನ್ನ ಮೂಲ ಸಂಕೇತವನ್ನು ತಾನೇ ಎರಡು ಸಲ ತಿರುಗಿಸಿ, ಎರಡೂ ಫಲಿತಾಂಶಗಳು ಒಂದೇ ಆಗಿವೆಯೇ ಎಂದು ತಾಳೆ ನೋಡುತ್ತದೆ. ಈ ತಾಳೆ ಸರಿಹೋದ ಮೇಲೆ ಮೂಲ ಸಂಕೇತ ಲಭ್ಯವಿರುವ ಸಂಪಾದಕ, ದೋಷಶೋಧಕ, ಕಡತ ನಿರ್ವಹಣೆಯ ಉಪಕರಣಗಳೆಲ್ಲ ಒಂದೊಂದಾಗಿ ಹೊಸ ಯಂತ್ರಕ್ಕೆ ಬರತೊಡಗುತ್ತವೆ.

ಇದೇ ಕಾಲದಲ್ಲಿ ಸನ್ ಸಂಸ್ಥೆಯು ತನ್ನ ಸೋಲಾರಿಸ್ 2 ವ್ಯವಸ್ಥೆಯೊಡನೆ ಸಿ ಕಂಪೈಲರನ್ನು ಕೊಡದೆ ಅದನ್ನು ಪ್ರತ್ಯೇಕವಾಗಿ ಮಾರತೊಡಗಿದ್ದೂ ಜಿಸಿಸಿಯ ಬಳಕೆ ಹೆಚ್ಚಲು ಕಾರಣವಾಯಿತು. ಯಂತ್ರಕ್ಕೆ ಹಣ ತೆತ್ತ ಮೇಲೆ ಉಪಕರಣಕ್ಕೆ ಮತ್ತೊಮ್ಮೆ ಹಣ ತೆರಬೇಕೆಂದಾಗ ಗಿರಾಕಿಗಳು ಬೇರೆ ದಾರಿ ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ.

ಅಂಕಣ ಸಾಲದ ಖಾತೆ ಪುಸ್ತಕ

ಆದರೂ ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ಅಂದಿನ ಬಹುಪಾಲು ಪ್ರೋಗ್ರಾಮ್‌ಗಳು 32 ಬಿಟ್‌ಗಳ ಯಂತ್ರಗಳಿಗಾಗಿ ಬರೆಯಲ್ಪಟ್ಟಿದ್ದವು. ಅಲ್ಲಿ ಸಾಮಾನ್ಯ ಪೂರ್ಣಾಂಕಕ್ಕೂ ಸ್ಮರಣಕೋಶದ ವಿಳಾಸಕ್ಕೂ ಸಮಾನ ಜಾಗ ಇದ್ದುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದಿಡುವ ಅಭ್ಯಾಸ ಬೆಳೆದಿತ್ತು. ಆಲ್ಫಾದ ಯುನಿಕ್ಸ್ ವ್ಯವಸ್ಥೆಯಲ್ಲಿ ಪೂರ್ಣಾಂಕ 32 ಬಿಟ್‌ಗಳಾಗಿಯೇ ಉಳಿದು ವಿಳಾಸ ಮಾತ್ರ 64 ಬಿಟ್‌ಗಳಾಯಿತು. ಲಕ್ಷದವರೆಗೆ ಮಾತ್ರ ಅಂಕಣ ಹಾಕಿದ ಖಾತೆ ಪುಸ್ತಕದಲ್ಲಿ ಕೋಟಿಯ ಮೊತ್ತ ಬರೆಯಲು ಹೋದರೆ ಎಡಬದಿಯ ಅಂಕಿಗಳು ಬಿಟ್ಟುಹೋಗುವಂತೆ, ವಿಳಾಸದ ಮೇಲಿನ ಅರ್ಧ ಕಳೆದುಹೋಗಿ ಪ್ರೋಗ್ರಾಮ್ ಅರ್ಧದಲ್ಲೇ ನಿಲ್ಲುತ್ತಿತ್ತು.

ಮೂಲ ಸಂಕೇತ ಕೈಯಲ್ಲಿದ್ದವರು ಇಂತಹ ದೋಷಗಳನ್ನು ಹುಡುಕಿ ತಿದ್ದಿ, ತಿದ್ದುಪಡಿಯನ್ನು ಎಲ್ಲರೊಡನೆ ಹಂಚಿಕೊಂಡರು. ಒಬ್ಬರು ತಿದ್ದಿದ ದೋಷ ಇನ್ನೊಬ್ಬರ ಯಂತ್ರದಲ್ಲಿ ಮತ್ತೆ ಕಾಡಲಿಲ್ಲ. ಆಲ್ಫಾದ ನೆಪದಲ್ಲಿ ನಡೆದ ಈ ಶುದ್ಧೀಕರಣವು ಮುಂದೆ ಬಂದ 64 ಬಿಟ್‌ಗಳ ಎಲ್ಲ ವಿನ್ಯಾಸಗಳಿಗೂ ಸಿದ್ಧ ಬಂಡವಾಳವಾಯಿತು.

ಲಿನಕ್ಸ್‌ಗೆ ತೆರೆದ ಬಾಗಿಲು

1991ರಲ್ಲಿ ಫಿನ್ಲೆಂಡ್‌ನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್, ಆರಂಭದಲ್ಲಿ ಇಂಟೆಲ್ 386 ಪ್ರೊಸೆಸರ್‌ಗೆ ಮಾತ್ರ ಹೊಂದಿಕೊಂಡಿತ್ತು. 1994ರಲ್ಲಿ ಡಿಜಿಟಲ್ ಸಂಸ್ಥೆಯ ಉದ್ಯೋಗಿ ಜಾನ್ ಹಾಲ್ ಅವರು ಟೋರ್ವಾಲ್ಡ್ಸ್ ಅವರನ್ನು ಭೇಟಿಯಾಗಿ, ತಮ್ಮ ಸಂಸ್ಥೆಯನ್ನು ಒಪ್ಪಿಸಿ ಅವರಿಗೆ ಒಂದು ಆಲ್ಫಾ ಯಂತ್ರವನ್ನು ಬಳಕೆಗೆ ದೊರಕಿಸಿಕೊಟ್ಟರು. 1995ರ ಮಾರ್ಚ್‌ನಲ್ಲಿ ಹೊರಬಂದ ಲಿನಕ್ಸ್ 1.2 ಆವೃತ್ತಿಯಲ್ಲಿ ಆಲ್ಫಾಕ್ಕೆ ಆರಂಭಿಕ ಬೆಂಬಲ ಸೇರಿತು.

ಒಂದು ಯಂತ್ರವನ್ನು ಎರವಲು ಕೊಟ್ಟದ್ದರ ಪ್ರತಿಫಲ ಸಣ್ಣದಲ್ಲ. ಯಂತ್ರಕ್ಕೆ ಸೇರಿದ ಭಾಗವನ್ನೂ ಸಾಮಾನ್ಯ ಭಾಗವನ್ನೂ ಬೇರ್ಪಡಿಸುವ ಶಿಸ್ತು ಲಿನಕ್ಸ್‌ಗೆ ಈ ಕೆಲಸದಿಂದ ದೊರೆಯಿತು. ಇಂದು ಕೈಯೊಳಗಿನ ದೂರವಾಣಿಯಿಂದ ಹಿಡಿದು ಮಹಾಗಣಕದವರೆಗೆ ಅದು ನಡೆಯುತ್ತಿರುವುದಕ್ಕೆ ಈ ಶಿಸ್ತೇ ತಳಹದಿ. ಡಿಜಿಟಲ್ ಸಂಸ್ಥೆಗೂ ಲಾಭವಾಯಿತು. 1997ರಲ್ಲಿ ತೆರೆಕಂಡ ಟೈಟಾನಿಕ್ ಚಲನಚಿತ್ರದ ದೃಶ್ಯಪರಿಣಾಮಗಳನ್ನು ಸಿದ್ಧಪಡಿಸಿದ ಡಿಜಿಟಲ್ ಡೊಮೈನ್ ಸಂಸ್ಥೆಯು ನೂರಕ್ಕೂ ಹೆಚ್ಚು ಆಲ್ಫಾ ಯಂತ್ರಗಳನ್ನು ಲಿನಕ್ಸ್‌ನಲ್ಲಿ ನಡೆಸಿತು.

ಎರಡು ದಾರಿ, ಎರಡು ಫಲ

ಆಲ್ಫಾವನ್ನು ಕೊಂಡ ಗಿರಾಕಿಗಳಲ್ಲಿ ಒಂದು ವರ್ಗ ವಿಂಡೋಸ್ ಎನ್‌ಟಿಯನ್ನು ಆರಿಸಿಕೊಂಡಿತ್ತು. ವ್ಯವಸ್ಥೆ ದೊರೆಯಿತಾದರೂ ಅದರ ಮೇಲೆ ನಡೆಯಬೇಕಾದ ವಾಣಿಜ್ಯ ತಂತ್ರಾಂಶಗಳಲ್ಲಿ ಆಲ್ಫಾದ ಆವೃತ್ತಿ ಹೊರತಂದವು ಕೆಲವೇ. ಈ ಕೊರತೆ ತುಂಬಲು ಡಿಜಿಟಲ್ ಸಂಸ್ಥೆಯು 1996ರಲ್ಲಿ ಎಫ್‌ಎಕ್ಸ್!32 ಎಂಬ ಅನುವಾದಕವನ್ನು ನೀಡಿತು. ಇಂಟೆಲ್ ಯಂತ್ರದ ತಂತ್ರಾಂಶವನ್ನು ಆಲ್ಫಾದ ಆದೇಶಗಳಿಗೆ ತಿರುಗಿಸಿ ನಡೆಸುವ ಈ ಸಾಧನ ತಾಂತ್ರಿಕವಾಗಿ ಶ್ಲಾಘನೀಯವೇ ಆಗಿತ್ತು. ಆದರೆ ಅನುವಾದಕದ ಮೂಲಕ ನಡೆಯುವ ತಂತ್ರಾಂಶಕ್ಕೆ ಹೊಸ ಯಂತ್ರದ ಪೂರ್ಣ ವೇಗ ದೊರೆಯುವುದಿಲ್ಲ; ವೇಗಕ್ಕಾಗಿಯೇ ಹೆಚ್ಚು ಹಣ ತೆತ್ತ ಗಿರಾಕಿಗೆ ಇದು ನಷ್ಟದ ಬಾಬತ್ತು.

1998ರಲ್ಲಿ ಡಿಜಿಟಲ್ ಸಂಸ್ಥೆಯನ್ನು ಕಾಂಪ್ಯಾಕ್ ಕೊಂಡುಕೊಂಡಿತು. 1999ರ ಆಗಸ್ಟ್‌ನಲ್ಲಿ ಆಲ್ಫಾದ ಮೇಲಿನ ವಿಂಡೋಸ್ ಎನ್‌ಟಿಗೆ ಮುಂದಿನ ಬೆಂಬಲ ಇಲ್ಲವೆಂದು ಪ್ರಕಟವಾಯಿತು. 2001ರಲ್ಲಿ ಆಲ್ಫಾವನ್ನೇ ಕ್ರಮೇಣ ಕೈಬಿಟ್ಟು ಇಂಟೆಲ್‌ನ ಇಟೇನಿಯಂ ವಿನ್ಯಾಸಕ್ಕೆ ಹೋಗುವ ನಿರ್ಧಾರವಾಯಿತು. 2002ರಲ್ಲಿ ಕಾಂಪ್ಯಾಕ್ ಸಂಸ್ಥೆಯು ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ವಿಲೀನವಾಯಿತು. 2007ರಲ್ಲಿ ಆಲ್ಫಾ ಯಂತ್ರಗಳ ಮಾರಾಟ ನಿಂತಿತು.

ಇಲ್ಲಿ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1993ರಲ್ಲಿ ಆಲ್ಫಾಕ್ಕೆ ಬಂದ ವಿಂಡೋಸ್ ಎನ್‌ಟಿಯ ಆಯುಷ್ಯ ಆರು ವರ್ಷ. ಒಂದು ಸಂಸ್ಥೆಯ ನಿರ್ಧಾರದಿಂದ ಅದು ಮುಗಿಯಿತು. ಗಿರಾಕಿಗಳಿಗೆ ಮಾಡಲು ಏನೂ ಉಳಿಯಲಿಲ್ಲ. ಲಿನಕ್ಸ್‌ನಲ್ಲಿ ಆಲ್ಫಾದ ಮೊದಲ ಪೀಳಿಗೆಯ ಚಿಪ್‌ಗಳ ಬೆಂಬಲವನ್ನು ತೆಗೆದದ್ದು 2024ರ 6.10 ಆವೃತ್ತಿಯಲ್ಲಿ, ನಂತರದ ಪೀಳಿಗೆಯ ಚಿಪ್‌ಗಳ ಬೆಂಬಲ ಆಗಲೂ ಉಳಿಯಿತು. ಯಂತ್ರ ತಯಾರಿಸಿದ ಸಂಸ್ಥೆಯೇ ಇಲ್ಲವಾದ ನಂತರವೂ ಉಪಕರಣಗಳು ಕಾಲು ಶತಮಾನ ಬಾಳಿದವು. ವಾಣಿಜ್ಯದ ದೃಷ್ಟಿಯಿಂದ ಇದನ್ನು ಬಂಡವಾಳದ ಭದ್ರತೆ ಎನ್ನದೆ ವಿಧಿಯಿಲ್ಲ.

ಸ್ವತಂತ್ರವೆಂದರೆ ಪುಕ್ಕಟೆಯಲ್ಲ

ಇಂಗ್ಲಿಷಿನಲ್ಲಿ ಸ್ವಾತಂತ್ರ್ಯಕ್ಕೂ ಪುಕ್ಕಟೆಗೂ ‘ಫ್ರೀ’ ಎಂಬ ಒಂದೇ ಶಬ್ದವಿರುವುದರಿಂದ ಗೊಂದಲ ಹುಟ್ಟುತ್ತದೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಶಬ್ದಗಳಿರುವುದು ನಮ್ಮ ಭಾಗ್ಯ. ಸ್ವತಂತ್ರ ತಂತ್ರಾಂಶದಲ್ಲಿ ಪರವಾನಗಿಯ ಶುಲ್ಕವಿಲ್ಲದಿರಬಹುದು. ಆದರೆ ಅದನ್ನು ಹೊಸ ಯಂತ್ರಕ್ಕೆ ತರುವ ದುಡಿಮೆಗೆ ಯಾರೋ ವೆಚ್ಚ ಭರಿಸಿರುತ್ತಾರೆ. 1989ರಲ್ಲಿ ಆರಂಭವಾದ ಸಿಗ್ನಸ್ ಸಂಸ್ಥೆಯು ಗ್ನೂ ಉಪಕರಣಗಳಿಗೆ ಹಣ ಪಡೆದು ಬೆಂಬಲ ನೀಡುವುದನ್ನೇ ವ್ಯಾಪಾರ ಮಾಡಿಕೊಂಡಿತ್ತು. ಅದನ್ನು ಕೊಳ್ಳುವುದಾಗಿ 1999ರಲ್ಲಿ ರೆಡ್ ಹ್ಯಾಟ್ ಘೋಷಿಸಿತು. ಆಲ್ಫಾದ ವಿಷಯದಲ್ಲಿ ಯಂತ್ರ ಕೊಟ್ಟವರು ಡಿಜಿಟಲ್ ಸಂಸ್ಥೆಯವರು. ದುಡಿದವರಲ್ಲಿ ವಿಶ್ವವಿದ್ಯಾಲಯದವರೂ ಸ್ವಯಂಸೇವಕರೂ ಇದ್ದರು.

ದುಡಿಯುವವರು ಇಲ್ಲವಾದರೆ ಸ್ವತಂತ್ರ ತಂತ್ರಾಂಶವೂ ಹಳೆಯ ವಿನ್ಯಾಸವನ್ನು ಬಿಡುತ್ತದೆ. ಆಲ್ಫಾದ ಸ್ಥಾನಕ್ಕೆ ಬಂದ ಇಟೇನಿಯಂ 2001ರಲ್ಲಿ ಮಾರುಕಟ್ಟೆಗೆ ಬಂದು 2021ರಲ್ಲಿ ಪೂರೈಕೆ ನಿಂತಿತು. 2024ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 6.7ರಲ್ಲಿ ಅದರ ಬೆಂಬಲವನ್ನು ತೆಗೆದುಹಾಕಲಾಯಿತು. ವ್ಯತ್ಯಾಸವೆಂದರೆ, ಇಲ್ಲಿ ಹಳೆಯ ಮೂಲ ಸಂಕೇತ ಎಲ್ಲಿಗೂ ಹೋಗುವುದಿಲ್ಲ. ಬೇಕಾದವರು ಅದನ್ನು ತೆಗೆದುಕೊಂಡು ತಮ್ಮ ವೆಚ್ಚದಲ್ಲಿ ಮುಂದುವರಿಸಬಹುದು.

ಆನಂತರದ ವಿನ್ಯಾಸಗಳು

ಆಲ್ಫಾದ ಅನುಭವ ಮುಂದಿನವರಿಗೆ ದಾರಿ ತೋರಿಸಿತು. ಎಎಂಡಿ ಸಂಸ್ಥೆಯು ತನ್ನ 64 ಬಿಟ್‌ಗಳ ವಿನ್ಯಾಸದ ವಿವರಗಳನ್ನು ಮೊದಲೇ ಪ್ರಕಟಿಸಿ, ಸೂಸೆ ಸಂಸ್ಥೆಯ ತಂತ್ರಜ್ಞರೊಡನೆ ಕೈಜೋಡಿಸಿತು. ಚಿಪ್ ಕೈಗೆ ಬರುವ ಮೊದಲೇ ಅದರ ಅನುಕರಣ ಯಂತ್ರದ ಮೇಲೆ ಜಿಸಿಸಿ ಮತ್ತು ಲಿನಕ್ಸ್ ಸಿದ್ಧವಾದವು. 2003ರ ಏಪ್ರಿಲ್‌ನಲ್ಲಿ ಆಪ್ಟೆರಾನ್ ಚಿಪ್ ಮಾರಾಟಕ್ಕೆ ಬಂದಾಗ ಸ್ವತಂತ್ರ ಉಪಕರಣಗಳು ಕಾದು ನಿಂತಿದ್ದವು. ಈ ಚಿಪ್‌ಗಳಿಗಾಗಿ ವಿಂಡೋಸ್ ಎಕ್ಸ್‌ಪಿಯ 64 ಬಿಟ್‌ಗಳ ಆವೃತ್ತಿ ಬಂದದ್ದು 2005ರ ಏಪ್ರಿಲ್‌ನಲ್ಲಿ. ಇಂದು ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿರುವ ಇಂಟೆಲ್ ಮತ್ತು ಎಎಂಡಿ ಗಣಕಯಂತ್ರಗಳೆಲ್ಲ ಈ ವಿನ್ಯಾಸವನ್ನೇ ಅನುಸರಿಸುತ್ತವೆ.

ಆಪಲ್ ಸಂಸ್ಥೆಯು 2020ರ ನವೆಂಬರ್‌ನಲ್ಲಿ ಆರ್ಮ್ ವಿನ್ಯಾಸದ ಎಂ1 ಯಂತ್ರಗಳನ್ನು ಹೊರತಂದಾಗ, ಸ್ವತಂತ್ರ ಉಪಕರಣಗಳನ್ನು ಸ್ಥಾಪಿಸಿಕೊಡುವ ಹೋಮ್‌ಬ್ರೂ 2021ರ ಫೆಬ್ರವರಿಯಲ್ಲೇ ಅವುಗಳಿಗೆ ಬೆಂಬಲ ನೀಡಿತು. ಹಳೆಯ ತಂತ್ರಾಂಶವನ್ನು ನಡೆಸುವ ರೊಸೆಟ್ಟಾ 2 ಅನುವಾದಕವನ್ನು ಪೂರ್ಣ ಪ್ರಮಾಣದಲ್ಲಿ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಮುಂದುವರಿಸುವುದಾಗಿ ಆಪಲ್ 2025ರಲ್ಲಿ ತಿಳಿಸಿದೆ. ಅನುವಾದಕವೆಂಬುದು ಹೊಳೆ ದಾಟಿಸುವ ದೋಣಿಯೇ ಹೊರತು ವಾಸಕ್ಕೆ ಮನೆಯಲ್ಲ ಎಂಬುದು ಎಫ್‌ಎಕ್ಸ್!32ರ ಕಾಲದಿಂದಲೂ ಬದಲಾಗಿಲ್ಲ. ವಿಂಡೋಸ್ ನಡೆಸುವ ಆರ್ಮ್ ಯಂತ್ರಗಳಿಗೆ ಲಿಬ್ರೆ ಆಫೀಸ್‌ನ ಅಧಿಕೃತ ಆವೃತ್ತಿ 2024ರ ಆಗಸ್ಟ್‌ನಿಂದ ದೊರೆಯುತ್ತಿದೆ.

ಇನ್ನು ಪ್ರೊಸೆಸರ್‌ನ ಆದೇಶಗಳ ವಿವರವನ್ನೇ ಎಲ್ಲರಿಗೂ ಮುಕ್ತಗೊಳಿಸಿದ ರಿಸ್ಕ್-ಫೈವ್ ವಿನ್ಯಾಸವು 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿಭಾಗದಲ್ಲಿ ಆರಂಭವಾಯಿತು. ಜಿಸಿಸಿ 2017ರಲ್ಲಿ, ಲಿನಕ್ಸ್ 2018ರಲ್ಲಿ, ಡೆಬಿಯನ್ 2025ರ ಆಗಸ್ಟ್‌ನಲ್ಲಿ ಇದಕ್ಕೆ ಅಧಿಕೃತ ಬೆಂಬಲ ನೀಡಿದವು. ಮದ್ರಾಸ್ ಐಐಟಿಯ ‘ಶಕ್ತಿ’ ಮತ್ತು ಸಿ-ಡ್ಯಾಕ್‌ನ ‘ವೇಗಾ’ ಪ್ರೊಸೆಸರ್‌ಗಳು ಇದೇ ವಿನ್ಯಾಸದವು; ಕೇಂದ್ರ ಸರ್ಕಾರವು 2022ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾರ್ಯಕ್ರಮವನ್ನೂ ಘೋಷಿಸಿದೆ. ಭಾರತದಲ್ಲಿ ರೂಪುಗೊಂಡ ಚಿಪ್‌ಗೆ ಉಪಕರಣಗಳನ್ನು ಮೊದಲಿನಿಂದ ಬರೆಯಬೇಕಾಗಿಲ್ಲದಿರುವುದು ಸ್ವತಂತ್ರ ತಂತ್ರಾಂಶದ ಕೊಡುಗೆಯೇ ಸರಿ.

ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಕಚೇರಿಯಲ್ಲಿ ಬಳಸುವ ಪ್ರತಿಯೊಂದು ತಂತ್ರಾಂಶದ ಪಟ್ಟಿ ಮಾಡಿ, ಹೊಸ ವಿನ್ಯಾಸಕ್ಕೆ ಅದರ ನೇರ ಆವೃತ್ತಿ ಇದೆಯೇ ಅಥವಾ ಅನುವಾದಕದ ಮೂಲಕ ನಡೆಯಬೇಕೇ ಎಂದು ಗುರುತಿಸಿಕೊಳ್ಳಬೇಕು. ಟ್ಯಾಲಿಯಂತಹ ಲೆಕ್ಕಪತ್ರದ ತಂತ್ರಾಂಶವಿದ್ದರೆ ಮಾರಾಟಗಾರರಿಂದ ಲಿಖಿತ ಖಾತ್ರಿ ಪಡೆಯುವುದು ಒಳ್ಳೆಯದು.

2. ಅನುವಾದಕವು ಸಾಮಾನ್ಯ ತಂತ್ರಾಂಶವನ್ನು ನಡೆಸಬಹುದು. ಆದರೆ ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಹೊಸ ಪ್ರೊಸೆಸರ್‌ಗಾಗಿಯೇ ಸಿದ್ಧವಾಗಿರಬೇಕು. ಬಿಲ್ ಮುದ್ರಕ, ಬಾರ್‌ಕೋಡ್ ಯಂತ್ರ, ಬೆರಳಚ್ಚು ಸಾಧನ ಮತ್ತು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳನ್ನು ಯಂತ್ರಕ್ಕೆ ಜೋಡಿಸಿ ನೋಡಿದ ನಂತರವೇ ಹಣ ಪಾವತಿಸಬೇಕು. ತೆರಿಗೆ ವಿವರಣೆ ಸಲ್ಲಿಸುವ ಕೊನೆಯ ದಿನ ಟೋಕನ್ ಕೆಲಸ ಮಾಡದಿದ್ದರೆ ಆಗುವ ನಷ್ಟ ಯಂತ್ರದ ರಿಯಾಯಿತಿಗಿಂತ ಹೆಚ್ಚಿನದು.

3. ಪತ್ರವ್ಯವಹಾರಕ್ಕೆ ಲಿಬ್ರೆ ಆಫೀಸ್, ಯಂತ್ರಭಾಗಗಳ ನಕ್ಷೆಗೆ ಫ್ರೀಕ್ಯಾಡ್, ಲೇಬಲ್ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಸಿಎನ್‌ಸಿ ಯಂತ್ರದ ನಿಯಂತ್ರಣಕ್ಕೆ ಲಿನಕ್ಸ್‌ಸಿಎನ್‌ಸಿ ಲಭ್ಯವಿವೆ. ಹಳೆಯ ಯಂತ್ರದಲ್ಲೇ ಇವುಗಳನ್ನು ಅಭ್ಯಾಸ ಮಾಡಿಕೊಂಡರೆ ಮುಂದೆ ಯಾವ ಪ್ರೊಸೆಸರ್‌ಗೆ ಹೋದರೂ ಕೆಲಸಗಾರರಿಗೆ ಹೊಸದಾಗಿ ತರಬೇತಿ ಬೇಕಾಗುವುದಿಲ್ಲ.

4. ಗಿರಾಕಿ ಕಂಪನಿಯು ನಿರ್ದಿಷ್ಟ ವಾಣಿಜ್ಯ ತಂತ್ರಾಂಶದ ಕಡತವನ್ನೇ ಕೇಳುವ ಸಂದರ್ಭದಲ್ಲಿ ಹಳೆಯ ವಿನ್ಯಾಸದ ಒಂದು ಯಂತ್ರವನ್ನು ಉಳಿಸಿಕೊಳ್ಳುವುದು ವಿವೇಕ.

5. ಕನ್ನಡದ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಬೇಕು. ಯುನಿಕೋಡ್ ಅಕ್ಷರಶೈಲಿಗಳಿಗೆ ಪ್ರೊಸೆಸರ್‌ನ ಹಂಗಿಲ್ಲ. ಲಿನಕ್ಸ್‌ನಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸವೂ ದೊರೆಯುತ್ತದೆ.

ಈ ಪಟ್ಟಿಯಲ್ಲಿ ಯಾವುದೂ ದುಬಾರಿಯಲ್ಲ. ಬೇಕಾದುದು ಒಂದೆರಡು ದಿನಗಳ ಪರಿಶೀಲನೆ ಮಾತ್ರ. ಆಲ್ಫಾ ತನ್ನ ಕಾಲದ ಶ್ರೇಷ್ಠ ಯಂತ್ರಗಳಲ್ಲಿ ಒಂದಾಗಿತ್ತು ಎಂಬುದರಲ್ಲಿ ತಂತ್ರಜ್ಞರಿಗೆ ಭಿನ್ನಾಭಿಪ್ರಾಯ ಕಡಿಮೆ. ಅದನ್ನು ಕೊಂಡವರಿಗೆ ಆದ ಲಾಭನಷ್ಟಗಳು ಮಾತ್ರ ಯಂತ್ರದ ವೇಗವನ್ನಷ್ಟೇ ಅವಲಂಬಿಸಿರದೆ, ಅದರ ಮೇಲಿನ ಉಪಕರಣಗಳ ಮೂಲ ಸಂಕೇತ ಯಾರ ಬಳಿ ಇತ್ತು ಎಂಬುದನ್ನೂ ಅವಲಂಬಿಸಿದ್ದವು. ಹೊಸ ಗಣಕಯಂತ್ರಕ್ಕೆ ಬೇಡಿಕೆ ಪತ್ರ ಕಳುಹಿಸುವ ಮುನ್ನ ನಮ್ಮ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಹಿತಕರ.